ಮೂರರಲ್ಲಿ ಎರಡೇ ಹಸಿರು

2021ರ ಮೇ 6. ಕೊರೊನಾದ ಎರಡನೇ ಅಲೆಯ ದಿನಗಳು. ರೋಗಿಯೊಬ್ಬರನ್ನು ಹೊತ್ತ ಸಣ್ಣ ಏರ್ ಆಂಬುಲೆನ್ಸ್ ಒಂದು ನಾಗಪುರದಿಂದ ಮೇಲೇರಿತು. ಬೀಚ್‌ಕ್ರಾಫ್ಟ್ ಕಿಂಗ್ ಏರ್ ಸಿ-90, ಎರಡು ಎಂಜಿನ್, ಒಳಗೆ ಐದು ಜನ. ಏರುವಾಗಲೇ ಅದರ ಒಂದು ಚಕ್ರ ಕಳಚಿ ಕೆಳಗೆ ಬಿತ್ತು. ಕಾವಲಿಗಿದ್ದ ಸಿ.ಐ.ಎಸ್.ಎಫ್. ಜವಾನರೊಬ್ಬರು ಅದನ್ನು ಕಣ್ಣಾರೆ ಕಂಡು ಸುದ್ದಿ ಮುಟ್ಟಿಸಿದರು. ವಿಮಾನ ಮುಂಬೈಗೆ ಬಂದು ಇಳಿಯುವಾಗ ರಾತ್ರಿ ಒಂಬತ್ತು ದಾಟಿತ್ತು. ರನ್‌ವೇ ಮೇಲೆ ನೊರೆ ಹಾಸಿದ್ದರು. ಕ್ಯಾಪ್ಟನ್ ವಿಮಾನವನ್ನು ಹೊಟ್ಟೆಯ ಮೇಲೆ ಜಾರಿಸಿ ನಿಲ್ಲಿಸಿದರು. ಐವರೂ ಬದುಕಿದರು.

ಆ ರಾತ್ರಿ ನಮ್ಮ ಹ್ಯಾಂಗರಿನ, ಅಂದರೆ ವಿಮಾನ ರಿಪೇರಿ ಶೆಡ್ಡಿನ, ವಾಟ್ಸಾಪ್ ಗುಂಪಿನಲ್ಲಿ ಬೇರೆ ಮಾತೇ ಇರಲಿಲ್ಲ. ಎಲ್ಲರೂ ಆ ಕೊನೆಯ ಕೆಲವು ಸೆಕೆಂಡುಗಳ ಬಗ್ಗೆಯೇ ಬರೆಯುತ್ತಿದ್ದರು. ನೊರೆ, ಕಿಡಿ, ಫೈರ್ ಎಂಜಿನ್. ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಅದಕ್ಕಿಂತ ಮೊದಲಿನ ಹೊತ್ತು. ನಾಗಪುರದಿಂದ ಮುಂಬೈ ತನಕ ಆ ಇಬ್ಬರು ಪೈಲಟ್‌ಗಳು ಏನು ಮಾತಾಡಿಕೊಂಡಿರಬಹುದು? ಚಕ್ರ ಇಲ್ಲ ಅಂತ ಗೊತ್ತು. ಹಿಂದೆ ರೋಗಿ ಮಲಗಿದ್ದಾರೆ. ವಿಮಾನ ಮಾತ್ರ ಏನೂ ಆಗಿಲ್ಲದಂತೆ ಹಾರುತ್ತಿದೆ. ಎಂಜಿನ್ ಸರಿ ಇದೆ, ರೆಕ್ಕೆ ಸರಿ ಇದೆ, ರೇಡಿಯೋ ಸರಿ ಇದೆ. ತೊಂದರೆ ಇರುವುದು ನೆಲ ಮುಟ್ಟುವಾಗ. ಅಲ್ಲಿಯ ತನಕ ಸುಮ್ನೆ ಹಾರಬೇಕು.

ನನ್ನ ಊರು ಕುಂದಾಪುರದ ಕಡೆ. ಮುಂಬೈಗೆ ಬಂದ ನಮ್ಮವರಲ್ಲಿ ಹೆಚ್ಚಿನವರು ಹೋಟೆಲ್ ಹಿಡಿದರು, ನಾನು ಸ್ಪ್ಯಾನರ್ ಹಿಡಿದೆ. ಕಲೀನಾ ಕಡೆಯ ಹ್ಯಾಂಗರ್ ಒಂದರಲ್ಲಿ ಸಣ್ಣ ಖಾಸಗಿ ವಿಮಾನಗಳ ಮೇಂಟೆನೆನ್ಸ್ ಎಂಜಿನಿಯರ್. ಊರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ, "ಮೇಲ್ ಹೋದ್ಮೇಲೆ ಚಕ್ರ ಬರ್ಲಿಲ್ಲಾಂದ್ರೆ ಎಂತ ಮಾಡೂದ್ ಮಾರಾಯ?"

ಒಳ್ಳೆಯ ಪ್ರಶ್ನೆ. ಒಂದೇ ಎಂಜಿನ್ನಿನ ವಿಮಾನದಲ್ಲಿ ಎಂಜಿನ್ ನಿಂತರೆ ಪೈಲಟ್‌ಗೆ ಸಿಗುವುದು ನಿಮಿಷಗಳು. ಬೆಂಕಿ ಹತ್ತಿದರೆ ಅದೂ ಇಲ್ಲ. ಚಕ್ರ ಬರದಿದ್ದರೆ ಹಾಗಲ್ಲ. ಟ್ಯಾಂಕಿನಲ್ಲಿ ಎಷ್ಟು ಇಂಧನ ಇದೆಯೋ ಅಷ್ಟು ಹೊತ್ತು ಕೈಯಲ್ಲಿದೆ. ಯೋಚಿಸಬಹುದು, ಪುಸ್ತಕ ತೆಗೆದು ಓದಬಹುದು, ಕೆಳಗಿನವರನ್ನು ಕೇಳಬಹುದು. ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಅನಿಸುವುದು ಇಷ್ಟು: ಚಕ್ರದ ತೊಂದರೆಯಲ್ಲಿ ಜನ ಸತ್ತದ್ದು ಚಕ್ರದಿಂದ ಕಡಿಮೆ. ಕೈಯಲ್ಲಿದ್ದ ಆ ಹೊತ್ತನ್ನು ಹೇಗೆ ಕಳೆದರು ಅನ್ನುವುದರಿಂದ ಜಾಸ್ತಿ.

ಮೊದಲು ಕಾಲುಗಳ ವಿಷಯ ಹೇಳಿಬಿಡುತ್ತೇನೆ. ಕಾಲು ಅಂದರೆ ಚಕ್ರ ಮತ್ತು ಅದನ್ನು ಹೊತ್ತ ದಂಡ, ನಾವು ಗೇರ್ ಅನ್ನುವುದೂ ಇದನ್ನೇ. ಸಣ್ಣ ವಿಮಾನಗಳಲ್ಲಿ ಎರಡು ಜಾತಿ. ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಹುಡುಗರು ಕಲಿಯುವ ಸೆಸ್ನಾ 152, ಸಾಮಾನ್ಯ ಸೆಸ್ನಾ 172 ಇವುಗಳ ಚಕ್ರ ಸದಾ ಹೊರಗೇ ಇರುತ್ತದೆ. ಒಳಗೆ ಹೋಗುವುದೂ ಇಲ್ಲ, ಹೊರಗೆ ಬಾರದೆ ಇರುವುದೂ ಇಲ್ಲ. ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ನಮ್ಮ ಜುಹುವಿಗೆ ಅಂಚೆ ಹೊತ್ತು ತಂದ ಪುಸ್ ಮಾತ್ ಕೂಡ ಇದೇ ಜಾತಿಯದ್ದು. ಅದರ ಕಾಲಿನ ಹೊದಿಕೆಯನ್ನು ಗಾಳಿಗೆ ಅಡ್ಡ ತಿರುಗಿಸಿ ಬ್ರೇಕ್ ಥರ ಬಳಸುತ್ತಿದ್ದರಂತೆ. ಕಾಲು ಗಾಳಿಗೆ ಅಡ್ಡ ಬರುತ್ತದೆ ಅನ್ನುವುದನ್ನೇ ಉಪಯೋಗಕ್ಕೆ ಹಾಕಿಕೊಂಡಿದ್ದರು ನೋಡಿ. ಆ ಎಂಜಿನಿಯರ್‌ಗಳ ಮೇಲೆ ನನಗೆ ತುಂಬಾ ಗೌರವ.

ಇನ್ನೊಂದು ಜಾತಿ ಕಾಲು ಮಡಚಿಕೊಳ್ಳುವಂಥದ್ದು. ಪೈಪರ್ ಸೆನೆಕಾ, ಬೀಚ್ ಬೊನಾಂಜಾ, ಕಿಂಗ್ ಏರ್. ಕಾಲು ಒಳಗೆ ಹೋದರೆ ವೇಗ ಜಾಸ್ತಿ, ಇಂಧನ ಕಡಿಮೆ. ಅದಕ್ಕೆ ಬದಲಾಗಿ ಪಂಪ್, ಮೋಟರ್, ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಪೈಪ್, ಸ್ವಿಚ್, ಮಾರುಗಟ್ಟಲೆ ವೈರ್. ಇದೆಲ್ಲ ಸೇರಿಯೇ ನನ್ನ ಸಂಬಳ.

ಕೆಟ್ಟರೆ ಏನು ಮಾಡಬೇಕು ಅನ್ನುವುದನ್ನು ಪ್ರತಿ ಕಂಪನಿಯೂ ತನ್ನದೇ ರೀತಿಯಲ್ಲಿ ಯೋಚಿಸಿದೆ. ಬೊನಾಂಜಾದಲ್ಲಿ ಮುಂದಿನ ಸೀಟುಗಳ ಹಿಂದೆ ಒಂದು ಹ್ಯಾಂಡಲ್ ಇದೆ, ಅದನ್ನು ಸುಮಾರು 50 ಸುತ್ತು ತಿರುಗಿಸಬೇಕು. ಕಾಲು ಮಡಚುವ ಸೆಸ್ನಾಗಳಲ್ಲಿ ಕೈಪಂಪ್ ಹೊಡೆಯಬೇಕು. ಸೆನೆಕಾದ್ದು ನನಗೆ ಎಲ್ಲಕ್ಕಿಂತ ಇಷ್ಟ. ಅದರಲ್ಲಿ ಕಾಲನ್ನು ಮೇಲೆ ಹಿಡಿದಿಡುವುದು ಹೈಡ್ರಾಲಿಕ್ ಒತ್ತಡ ಮಾತ್ರ, ಬೇರೆ ಕೊಕ್ಕೆ ಏನೂ ಇಲ್ಲ. ಪಂಪ್ ಸತ್ತರೆ ವೇಗವನ್ನು ಸುಮಾರು 85 ನಾಟ್‌ಗಿಂತ ಕೆಳಗೆ ಇಳಿಸಿ ಒಂದು ಗುಬುಟನ್ನು ಎಳೆಯಬೇಕು. ಒತ್ತಡ ಬಿಟ್ಟುಹೋಗುತ್ತದೆ. ಕಾಲು ತನ್ನ ಭಾರಕ್ಕೆ ತಾನೇ ಕೆಳಗೆ ಬೀಳುತ್ತದೆ. ಭೂಮಿಯ ಸೆಳೆತಕ್ಕೆ ಕರೆಂಟ್ ಬೇಕಾಗುವುದಿಲ್ಲ, ಅಲ್ವಾ?

ಬಿದ್ದರೆ ಸಾಲದು, ಲಾಕ್ ಆಗಬೇಕು. ನಾವು ನಿಂತಾಗ ಮಂಡಿ ಒಂದಿಷ್ಟು ಹಿಂದಕ್ಕೆ ಹೋಗಿ ಗಟ್ಟಿಯಾಗುತ್ತದಲ್ಲ, ಹಾಗೆಯೇ ಕಾಲಿನ ಮಡಿಕೆಯ ಸಲಾಕೆ ನೇರ ಗೆರೆಯನ್ನು ದಾಟಿ ಕೂರಬೇಕು. ಕೂತಿತೋ ಇಲ್ಲವೋ ಹೇಳುವುದಕ್ಕೆ ಅಲ್ಲೊಂದು ಸಣ್ಣ ಮೈಕ್ರೋಸ್ವಿಚ್. ಅದು ಒತ್ತಿದರೆ ಪೈಲಟ್ ಮುಂದೆ ಹಸಿರು ಲೈಟ್. ಮೂರು ಕಾಲಿಗೆ ಮೂರು ಲೈಟ್. ಮೂರೂ ಹಸಿರು ಬಂದರೆ ಇಳಿಯಬಹುದು.

ಪೈಲಟ್ ಕಾಲನ್ನು ನೋಡುವುದಿಲ್ಲ, ಲೈಟನ್ನು ನೋಡುತ್ತಾನೆ. ಇದು ಮುಖ್ಯ. ಕಾಲಿಗೂ ಲೈಟಿಗೂ ನಡುವೆ ಒಂದು ಸ್ವಿಚ್, ಒಂದಷ್ಟು ವೈರ್, ಒಂದೆರಡು ಕನೆಕ್ಟರ್, ಒಂದು ಬಲ್ಬ್. ಇದರಲ್ಲಿ ಯಾವುದು ಕೈಕೊಟ್ಟರೂ ಕಾಕ್‌ಪಿಟ್‌ನಲ್ಲಿ ಕಾಣುವುದು ಒಂದೇ: ಲೈಟ್ ಇಲ್ಲ. ನಮ್ಮ ಹ್ಯಾಂಗರಿಗೆ ಬರುವ ಗೇರ್ ಸ್ನ್ಯಾಗ್‌ಗಳಲ್ಲಿ, ಅಂದರೆ ದೂರುಗಳಲ್ಲಿ, ಕಾಲೇ ಕೆಟ್ಟದ್ದಕ್ಕಿಂತ ಈ ಚಾಡಿ ಹೇಳುವ ಸಾಮಾನು ಕೆಟ್ಟದ್ದೇ ಜಾಸ್ತಿ.

ಇನ್ನೂ ತಮಾಷೆಯ ಒಂದು ವಿಷಯ ಇದೆ. ಪೈಪರ್ ವಿಮಾನಗಳಲ್ಲಿ ರಾತ್ರಿ ಕಣ್ಣಿಗೆ ಹೊಡೆಯಬಾರದು ಅಂತ ನ್ಯಾವಿಗೇಷನ್ ಲೈಟ್ (ರೆಕ್ಕೆಯ ತುದಿ, ಬಾಲದ ದೀಪಗಳು) ಹಾಕಿದಾಗ ಈ ಹಸಿರು ಲೈಟುಗಳು ತಾವಾಗಿ ಮಂಕಾಗುತ್ತವೆ. ಹಗಲಿನಲ್ಲಿ ಯಾರಾದರೂ ಆ ಸ್ವಿಚ್ ಹಾಕಿಟ್ಟರೆ ಮೂರೂ ಲೈಟ್ ಆರಿದಂತೆ ಕಾಣುತ್ತದೆ. ಕಾಲು ಗಟ್ಟಿಯಾಗಿ ಕೂತಿರುತ್ತದೆ, ಪೈಲಟ್ ಬೆವರುತ್ತಿರುತ್ತಾನೆ. ಅದಕ್ಕೇ ಗೇರ್ ಲೈಟ್ ಬಂದಿಲ್ಲ ಅಂತ ಯಾರೇ ಹೇಳಿದರೂ ನಾನು ಮೊದಲು ಕೇಳುವುದು, "ನ್ಯಾವ್ ಲೈಟ್ ಆನ್ ಇದೆಯಾ?"

ಮುಂಬೈಯಲ್ಲಿ ಈ ಸ್ವಿಚ್‌ಗಳಿಗೆ ಇನ್ನೊಂದು ವೈರಿ ಇದೆ. ಗಾಳಿ. ಜುಹು ಸಮುದ್ರಕ್ಕೆ ಅಂಟಿಕೊಂಡೇ ಇದೆ, ಸಾಂತಾಕ್ರೂಜ್ ಕೂಡ ಏನು ದೂರ? ಉಪ್ಪು ಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದದ್ದು ಮುಂಬೈಯವರು ಯಾರೂ ಮರೆಯುವುದಿಲ್ಲ. ಅಷ್ಟು ಬೇಡ, ಸಾಮಾನ್ಯ ಮಳೆಗಾಲವೇ ಸಾಕು. ಟೈರ್ ಎರಚುವ ನೀರು ನೇರ ಹೋಗಿ ಬಡಿಯುವುದು ಚಕ್ರದ ಗೂಡಿಗೆ. ಗಣಪತಿ ಹಬ್ಬದ ಹೊತ್ತಿಗೆ ಕನೆಕ್ಟರ್ ಬಿಚ್ಚಿ ನೋಡಿದರೆ ತಾಮ್ರದ ಮೇಲೆ ಹಸಿರು ಕಿಲುಬು. ಪುಣೆಯಲ್ಲಿ ನಿಲ್ಲುವ ಅದೇ ಮಾದರಿಯ ವಿಮಾನಕ್ಕೆ ಇಷ್ಟು ಬೇಗ ಈ ಗತಿ ಬರುವುದಿಲ್ಲ. ಮೇಂಟೆನೆನ್ಸ್ ಪುಸ್ತಕಕ್ಕೆ ಮಾತ್ರ ಪುಣೆ, ಮುಂಬೈ ಎಲ್ಲ ಒಂದೇ. ಇಷ್ಟು ಗಂಟೆ ಹಾರಿದ ಮೇಲೆ ಇಷ್ಟು ನೋಡು ಅನ್ನುತ್ತದೆ. ಹಾರದೇ ಮಳೆಯಲ್ಲಿ ನೆನೆಯುತ್ತಾ ನಿಂತ ದಿನಗಳು ಗಂಟೆಯ ಲೆಕ್ಕಕ್ಕೆ ಸೇರುವುದಿಲ್ಲ.

ಅಂಥದ್ದೇ ಒಂದು ಮಳೆಗಾಲ ಮುಗಿದ ಮೇಲೆ ನಡೆದದ್ದು ಇದು. ಸೆನೆಕಾ ವಿಮಾನ. ಮಾಲೀಕ ಒಬ್ಬ ಸೇಠ್. ಕ್ಯಾಪ್ಟನ್ ಧಾರವಾಡದವರು, ವಾಯುಪಡೆಯಲ್ಲಿ ದುಡಿದು ಬಂದವರು. ಮಧ್ಯಾಹ್ನ ಮುಂಬೈಗೆ ವಾಪಸ್ ಬರುವಾಗ ಗೇರ್ ಇಳಿಸಿದರು. ಮೂಗಿನದ್ದು ಹಸಿರು, ಎಡಗಡೆಯದ್ದು ಹಸಿರು. ಬಲಗಡೆ ಲೈಟ್ ಇಲ್ಲ.

ಮೂಗಿನ ಕಾಲಾಗಿದ್ದರೆ ನೋಡಬಹುದಿತ್ತು. ಸೆನೆಕಾದ ಎಡ ಎಂಜಿನ್ನಿನ ಕವಚದ ಮೇಲೆ ಒಂದು ಉಬ್ಬು ಕನ್ನಡಿ ಇದೆ, ಪೈಲಟ್ ಕೂತಲ್ಲಿಂದಲೇ ಅದರಲ್ಲಿ ಮೂಗಿನ ಚಕ್ರ ಕಾಣುತ್ತದೆ. ರೆಕ್ಕೆಯ ಅಡಿಯ ಕಾಲುಗಳು ಕಾಣುವುದಿಲ್ಲ. ಅವರು ಇಳಿಯುವುದನ್ನು ಬಿಟ್ಟು ಟವರ್‌ಗೆ ಹೇಳಿದರು. ಸಮುದ್ರದ ಕಡೆ ಹೋಗಿ ಸುತ್ತು ಹಾಕುತ್ತಾ ಕಾಯಿರಿ ಅಂದರು. ಟವರ್‌ನಿಂದ ನಮ್ಮ ಆಪರೇಷನ್ಸ್‌ಗೆ ಫೋನ್, ಅಲ್ಲಿಂದ ನನಗೆ. ನಾನು ನ್ಯಾವ್ ಲೈಟ್ ಕೇಳಿದೆ. ಆಫ್ ಇದೆ ಅಂತ ಉತ್ತರ ಬಂತು. ಬಲ್ಬ್? ಪಕ್ಕದ್ದನ್ನು ಕಿತ್ತು ಹಾಕಿ ನೋಡಿದ್ದಾರೆ, ಬಲ್ಬ್ ಸರಿ ಇದೆ, ಆ ಜಾಗದಲ್ಲಿ ಯಾವುದೂ ಹತ್ತುವುದಿಲ್ಲ. ಹಾಗಾದರೆ ಸ್ವಿಚ್, ಇಲ್ಲವೇ ವೈರ್, ಇಲ್ಲವೇ ನಿಜವಾಗಿಯೂ ಕಾಲು. ಕೆಳಗೆ ನಿಂತ ನನಗೆ ಅದಕ್ಕಿಂತ ಜಾಸ್ತಿ ಹೇಳಲು ಆಗುವುದಿಲ್ಲ. ಆ ಅಸಹಾಯಕತೆ ಈ ಕೆಲಸದಲ್ಲಿ ಇರುವವರಿಗೆ ಗೊತ್ತು. ಕೈಯಲ್ಲಿ ಸ್ಪ್ಯಾನರ್ ಇದೆ, ವಿಮಾನ ಮೇಲಿದೆ.

ಅವರು ವೇಗ ಇಳಿಸಿ ಗುಬುಟು ಎಳೆದರು. ಲೈಟ್ ಬರಲಿಲ್ಲ. ವಿಮಾನವನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಒದರಿ ನೋಡಿದರು, ಕಾಲು ಅರ್ಧಕ್ಕೆ ನಿಂತಿದ್ದರೆ ಹೊರಗೆ ಹೋಗಿ ಕೂರಲಿ ಅಂತ. ಬರಲಿಲ್ಲ. ಆಮೇಲೆ ಟವರ್ ಪಕ್ಕದಲ್ಲಿ ತಗ್ಗಿನಲ್ಲಿ ಹಾದುಹೋದರು. ಬೈನಾಕ್ಯುಲರ್ ಹಿಡಿದವರು "ಕಾಲು ಕೆಳಗೆ ಇದ್ದಂತೆ ಕಾಣುತ್ತದೆ" ಅಂದರು. ಇದ್ದಂತೆ ಕಾಣುತ್ತದೆ, ಅಷ್ಟೇ. ಲಾಕ್ ಆಗಿದೆಯೇ ಅನ್ನುವುದು ಬೈನಾಕ್ಯುಲರ್‌ನಲ್ಲಿ ಕಾಣುವಂಥದ್ದಲ್ಲ.

ಕೊನೆಗೆ ಇಳಿದರು. ನಾವು ಜೀಪಿನಲ್ಲಿ ದೂರದಲ್ಲಿ ನಿಂತಿದ್ದೆವು, ನಮ್ಮ ಮುಂದೆ ಫೈರ್ ಎಂಜಿನ್‌ಗಳು. ಎಡಗಾಲನ್ನು ಮೊದಲು ಊರಿದರು. ಬಲ ರೆಕ್ಕೆಯನ್ನು ಎಷ್ಟು ಹೊತ್ತು ಎತ್ತಿ ಹಿಡಿಯಲು ಆಗುತ್ತದೋ ಅಷ್ಟು ಹೊತ್ತು ಹಿಡಿದರು. ವೇಗ ಇಳಿದಂತೆ ಆ ರೆಕ್ಕೆ ತಾನಾಗಿ ಕೆಳಗೆ ಬಂತು. ಬಲಗಾಲು ನೆಲ ಮುಟ್ಟಿತು. ನಿಂತಿತು.

ಇಲ್ಲಿಗೆ ಕಥೆ ಮುಗಿಯಿತು ಅಂತ ಹೊರಗಿನವರಿಗೆ ಅನಿಸಬಹುದು. ಕ್ಯಾಪ್ಟನ್‌ರ ಮೇಲೆ ನನಗೆ ಮರ್ಯಾದೆ ಜಾಸ್ತಿ ಆದದ್ದು ಇದರ ನಂತರ. ಮುಂಬೈ ರನ್‌ವೇ ಅಂದರೆ ಗೊತ್ತಲ್ಲ. ಎರಡು ಇವೆ, ಆದರೆ ಒಂದನ್ನೊಂದು ಅಡ್ಡ ಹಾಯುತ್ತವೆ, ಒಟ್ಟಿಗೆ ಬಳಸುವಂತಿಲ್ಲ. ಒಂದು ವಿಮಾನ ಮಧ್ಯದಲ್ಲಿ ನಿಂತರೆ ಮೇಲೆ ಸಾಲುಗಟ್ಟಿ ಬರುವವರೆಲ್ಲ ಗಿರಕಿ ಹೊಡೆಯಬೇಕು. 2019ರ ಜುಲೈ 1ರ ರಾತ್ರಿ ಮಳೆಯಲ್ಲಿ ಒಂದು ಬೋಯಿಂಗ್ ಮುಖ್ಯ ರನ್‌ವೇ ದಾಟಿ ಕೆಸರಿಗೆ ಇಳಿದು ದಿನಗಟ್ಟಲೆ ರನ್‌ವೇ ಮುಚ್ಚಿತ್ತು, ಎಷ್ಟು ವಿಮಾನ ರದ್ದಾದವೋ. ಹಾಗಾಗಿ ನಿಂತ ಕೂಡಲೇ ಜಾಗ ಬಿಡಿ ಅನ್ನುವ ಒತ್ತಡ ಸಹಜ. ಈ ಮನುಷ್ಯ ಬಿಡಲಿಲ್ಲ. ನೇರ ನಿಂತದ್ದು ನಿಂತ ಹಾಗೆಯೇ ಎಂಜಿನ್ ಆರಿಸಿದರು. ತಿರುಗಿಸಿದರೆ ಕಾಲಿನ ಮೇಲೆ ಅಡ್ಡ ಭಾರ ಬೀಳುತ್ತದೆ, ಲಾಕ್ ಆಗದ ಕಾಲು ಮಡಚಿಕೊಳ್ಳುವುದು ಆಗಲೇ. ಹಾರಿ, ಇಳಿದು, ಬಚಾವಾಗಿ, ಕೊನೆಗೆ ಟ್ಯಾಕ್ಸಿವೇ ತಿರುವಿನಲ್ಲಿ ರೆಕ್ಕೆ ನೆಲಕ್ಕೆ ಬಡಿದ ವಿಮಾನಗಳು ಇವೆ.

ನಾನು ಓಡಿಹೋದೆ. ಅವರು ಕಿಟಕಿಯಿಂದ ಕೂಗಿದರು, "ಶೆಟ್ರೇ, ಮೊದ್ಲ ಕಾಲ್ ನೋಡ್ರಿ, ಆಮ್ಯಾಲೆ ನನ್ನ ಮಾರಿ ನೋಡ್ರಂತ!"

ಅಡಿಗೆ ನುಗ್ಗಿ ನೋಡಿದರೆ ಸಲಾಕೆ ಸರಿಯಾಗಿ ಗೆರೆ ದಾಟಿ ಕೂತಿತ್ತು. ಕೈಯಿಂದ ಒತ್ತಿ ನೋಡಿದೆ, ಅಲ್ಲಾಡಲಿಲ್ಲ. ಹ್ಯಾಂಗರಿಗೆ ಎಳೆದು ತಂದು ಜ್ಯಾಕ್ ಮೇಲೆ ಎತ್ತಿ ಗೇರ್ ಸ್ವಿಂಗ್ ಮಾಡಿದೆವು, ಅಂದರೆ ಕಾಲನ್ನು ಮಡಚಿ, ಇಳಿಸಿ ನೋಡಿದೆವು. ಕಾಲು ಪ್ರತಿ ಸಲವೂ ಚೆನ್ನಾಗಿ ಇಳಿಯಿತು, ಲೈಟ್ ಒಮ್ಮೆ ಬಂದರೆ ಒಮ್ಮೆ ಬರಲಿಲ್ಲ. ಬಲಗಡೆಯ ಮೈಕ್ರೋಸ್ವಿಚ್ ಬಿಚ್ಚಿದೆ. ಬರಬೇಕಾದ ಹಸಿರು ಲೈಟಿನ ಬದಲು ಆ ಸ್ವಿಚ್ಚಿನ ಲೋಹದ ತುದಿಗಳ ಮೇಲೆ ಹಸಿರು ಕಿಲುಬು.

ಸಂಜೆ ವಾಕೋಲಾದ ನಮ್ಮ ಉಡುಪಿ ಹೋಟೆಲ್‌ನಲ್ಲಿ ಚಹಾ ಕುಡಿಯುವಾಗ ಕೇಳಿದೆ, "ಮೇಲೆ ಅಷ್ಟು ಹೊತ್ತು ಏನ್ ಯೋಚನೆ ಮಾಡ್ತಾ ಇದ್ರಿ ಕ್ಯಾಪ್ಟನ್?"

"ಎರಡ ತಾಸಿಗೆ ಸಾಲುವಷ್ಟ ಎಣ್ಣಿ ಇತ್ರೀ," ಅಂದರು. "ಒಂದ ತಾಸು ಈ ಲೈಟಿಗೆ ಕೊಟ್ಟೆ. ಗಡಿಯಾರ ನೋಡಿ ಕಾಗದದ ಮ್ಯಾಲೆ ಬರದ ಇಟ್ಕೊಂಡೆ. ಆ ಹೊತ್ತು ಬಂತು ಅಂದ್ರ ಲೈಟ್ ಬರ್ಲಿ ಬಿಡ್ಲಿ, ಇಳಿಯೂದ. ಇನ್ನೊಂದ ತಾಸು ಮುಟ್ಟೂದಿಲ್ಲ ಅಂತ ನಿರ್ಧಾರ."

ನನಗೆ ಆಗ ನೆನಪಾದದ್ದು ಪೋರ್ಟ್‌ಲ್ಯಾಂಡ್. ನಮ್ಮ ಕೆಲಸದವರಿಗೆಲ್ಲ ಗೊತ್ತಿರುವ ಕಥೆ ಅದು. 1978ರ ಡಿಸೆಂಬರ್ 28. ಯುನೈಟೆಡ್ 173, ದೊಡ್ಡ ಡಿಸಿ-8 ವಿಮಾನ, 189 ಜನ. ಗೇರ್ ಇಳಿಸುವಾಗ ಧಡ್ ಅಂತ ಸದ್ದಾಯಿತು, ಕಾಲು ಸರಿಯಾಗಿ ಇಳಿದಿದೆ ಅನ್ನುವ ಲೈಟ್ ಬರಲಿಲ್ಲ. ಬಲಗಾಲಿನ ಸಿಲಿಂಡರಿನ ರಾಡ್ ತುಕ್ಕು ತಿಂದು ಮುರಿದಿತ್ತು, ಹಾಗಾಗಿ ಕಾಲು ರಭಸದಿಂದ ಬಿದ್ದಿತ್ತು. ಬಿದ್ದು ಲಾಕ್ ಕೂಡ ಆಗಿತ್ತು. ಆದರೆ ಕಾಕ್‌ಪಿಟ್‌ನಲ್ಲಿ ಅದು ಗೊತ್ತಾಗುವುದು ಹೇಗೆ? ಸುಮಾರು ಒಂದು ಗಂಟೆ ಸುತ್ತು ಹಾಕುತ್ತಾ ಪರೀಕ್ಷೆ ಮಾಡಿದರು, ಪ್ರಯಾಣಿಕರನ್ನು ಸಜ್ಜು ಮಾಡಿದರು. ಎಲ್ಲವನ್ನೂ ಶಿಸ್ತಾಗಿ ಮಾಡಿದರು. ಅಷ್ಟರಲ್ಲಿ ಇಂಧನ ಮುಗಿಯಿತು. ಎಂಜಿನ್‌ಗಳು ಒಂದೊಂದಾಗಿ ನಿಂತವು. ವಿಮಾನ ನಿಲ್ದಾಣಕ್ಕೆ ಮುಟ್ಟುವ ಮೊದಲೇ ಊರಿನೊಳಗೆ ಬಿತ್ತು. ಹತ್ತು ಜನ ಸತ್ತರು. ಗೇಜ್ ಕಡಿಮೆ ತೋರಿಸುತ್ತಿದೆ ಅಂತ ಕಾಕ್‌ಪಿಟ್‌ನಲ್ಲಿ ಉಳಿದವರಿಗೆ ಗೊತ್ತಿತ್ತು, ಕ್ಯಾಪ್ಟನ್‌ಗೆ ನಾಟುವ ಹಾಗೆ ಹೇಳಲು ಬಾಯಿ ಬರಲಿಲ್ಲ. ಇವತ್ತು ಲೋಕದ ಎಲ್ಲ ಕಡೆ ಪೈಲಟ್‌ಗಳಿಗೆ ಕಲಿಸುವ ಸಿ.ಆರ್.ಎಂ. ಪಾಠ, ಅಂದರೆ ಹಿರಿಯರು ಕಿರಿಯರ ಮಾತು ಕೇಳುವ, ಕಿರಿಯರು ಹೆದರದೆ ಹೇಳುವ ಪಾಠ, ಬೇರೂರಿದ್ದು ಮುಖ್ಯವಾಗಿ ಆ ಅಪಘಾತದ ನಂತರ.

ಅದಕ್ಕೂ ಆರು ವರ್ಷ ಮೊದಲಿನದ್ದು ಇನ್ನೂ ಹೊಟ್ಟೆ ಉರಿಸುವಂಥದ್ದು. 1972ರ ಡಿಸೆಂಬರ್ 29, ಈಸ್ಟರ್ನ್ 401, ಮಯಾಮಿ. ಮೂಗಿನ ಚಕ್ರದ ಲೈಟ್ ಬರಲಿಲ್ಲ. 2,000 ಅಡಿಯಲ್ಲಿ ಆಟೋಪೈಲಟ್ ಹಾಕಿ ಎಲ್ಲರೂ ಆ ಬಲ್ಬಿಗೆ ಮುತ್ತಿಕೊಂಡರು. ನಡುವೆ ಯಾರೋ ಗೊತ್ತಿಲ್ಲದೆ ಕಂಟ್ರೋಲಿಗೆ ತಾಗಿ ಎತ್ತರ ಕಾಯುವ ವ್ಯವಸ್ಥೆ ಬಿಟ್ಟುಹೋಗಿತ್ತು. ಕತ್ತಲಲ್ಲಿ ವಿಮಾನ ನಿಧಾನಕ್ಕೆ ಇಳಿಯುತ್ತಾ ಜೌಗಿಗೆ ಬಡಿಯಿತು. 176 ಜನರಲ್ಲಿ 101 ಜನ ಹೋದರು. ಚಕ್ರ ಸರಿಯಾಗಿ ಇಳಿದಿತ್ತು. ಸುಟ್ಟದ್ದು ಬಲ್ಬ್.

ಇವೆರಡೂ ದೊಡ್ಡ ವಿಮಾನಗಳು, ಕಾಕ್‌ಪಿಟ್‌ನಲ್ಲಿ ಮೂರು ಮೂರು ಜನ. ಸಣ್ಣ ಖಾಸಗಿ ವಿಮಾನದಲ್ಲಿ ಎಷ್ಟೋ ಸಲ ಪೈಲಟ್ ಒಬ್ಬನೇ. ಬಲ್ಬ್ ಕೀಳುವವನೂ ಅವನೇ, ಪುಸ್ತಕ ಓದುವವನೂ ಅವನೇ, ಎತ್ತರ ನೋಡುವವನೂ ಅವನೇ. ನಮ್ಮ ಕ್ಯಾಪ್ಟನ್ ಕಾಗದದ ಮೇಲೆ ಬರೆದಿಟ್ಟುಕೊಂಡ ಆ ಸಮಯವೇ ಅವರ ಜೊತೆ ಇದ್ದ ಎರಡನೇ ಪೈಲಟ್ ಅಂತ ನನಗೆ ಅನಿಸುತ್ತದೆ.

ಹೊತ್ತು ಇರುವುದರಿಂದ ಇನ್ನೊಂದು ಆಸೆಯೂ ಹುಟ್ಟುತ್ತದೆ. ದುಡ್ಡು ಉಳಿಸುವ ಆಸೆ. ಚಕ್ರ ಇಲ್ಲದೆ ಇಳಿದರೆ ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಬಡಿದರೆ ಬ್ಲೇಡ್ ಮಡಚುವುದಷ್ಟೇ ಅಲ್ಲ, ಎಂಜಿನ್ ಪೂರ್ತಿ ಬಿಚ್ಚಿ ಒಳಗಿನ ದಂಡವನ್ನೆಲ್ಲ ಪರೀಕ್ಷಿಸಬೇಕು. ಎರಡು ಎಂಜಿನ್ ಇದ್ದರೆ ಖರ್ಚೂ ಎರಡು ಪಾಲು. ಅದಕ್ಕೆ ಕೆಲವರು ಮೇಲಿರುವಾಗಲೇ ಎಂಜಿನ್ ಆರಿಸಿ, ಸ್ಟಾರ್ಟರ್ ತಟ್ಟಿ ತಟ್ಟಿ ಬ್ಲೇಡನ್ನು ಅಡ್ಡ ನಿಲ್ಲಿಸಿ, ಗ್ಲೈಡರ್ ಥರ ಇಳಿಸಲು ನೋಡುತ್ತಾರೆ. ಒಂದು ತೊಂದರೆ ಇದ್ದ ವಿಮಾನಕ್ಕೆ ತಾವೇ ಕೈಯಾರೆ ಎರಡನೆಯದನ್ನು ಸೇರಿಸುವುದು ಇದು. ಇಳಿಯುವ ಲೆಕ್ಕ ಸ್ವಲ್ಪ ತಪ್ಪಿದರೆ ಮತ್ತೆ ಏರುವಂತಿಲ್ಲ. ಬಿಚ್ಚಿ ಜೋಡಿಸಬೇಕಾದ ನಾನೇ ಹೇಳುತ್ತೇನೆ, ಆ ಎಂಜಿನ್ ಹೋಗಲಿ. ರನ್‌ವೇ ಖಂಡಿತ ಸಿಗುತ್ತದೆ ಅಂತಾದ ಮೇಲೆ ಇಂಧನ, ಕರೆಂಟ್ ಕಡಿದುಬಿಡಿ, ಬೆಂಕಿ ಹತ್ತದಿರಲಿ ಅಂತ. ಅದಕ್ಕಿಂತ ಮೊದಲು ಬೇಡ. ಒಮ್ಮೆ ಹೊಟ್ಟೆ ನೆಲಕ್ಕೆ ತಾಗಿತೋ, ಆಮೇಲೆ ಏನೇ ಆದರೂ ಮತ್ತೆ ಮೇಲೇರಬಾರದು. 2020ರ ಮೇ 22ರಂದು ಕರಾಚಿಯಲ್ಲಿ ಆದದ್ದು ಅದೇ. ಚಕ್ರ ಇಲ್ಲದೆ ಎಂಜಿನ್‌ಗಳನ್ನು ರನ್‌ವೇಗೆ ಉಜ್ಜಿದ ಏರ್‌ಬಸ್ ಮತ್ತೆ ಏರಿತು. ಉಜ್ಜಿಸಿಕೊಂಡ ಎಂಜಿನ್‌ಗಳು ಎಷ್ಟು ಹೊತ್ತು ಬಾಳುತ್ತವೆ? ಮನೆಗಳ ಮೇಲೆ ಬಿತ್ತು. ಒಳಗಿದ್ದ 99 ಜನರಲ್ಲಿ ಇಬ್ಬರು ಉಳಿದರು. ಮೊದಲ ಸಲವೇ ಜಾರಿಕೊಂಡು ಹೋಗಲು ಬಿಟ್ಟಿದ್ದರೆ ಅಂತ ನಾವು ಹ್ಯಾಂಗರಿನಲ್ಲಿ ಎಷ್ಟು ಸಲ ಮಾತಾಡಿಕೊಂಡೆವೋ.

ಜಾರಿಕೊಂಡು ಹೋಗುವುದು ಎಷ್ಟು ಸುರಕ್ಷಿತ ಆಗಿರಬಹುದು ಅನ್ನುವುದಕ್ಕೆ 2011ರ ನವೆಂಬರ್ 1ರ ವಾರ್ಸಾ ಇದೆ. ಕ್ಯಾಪ್ಟನ್ ತದೇವುಷ್ ವ್ರೋನಾ ಬೋಯಿಂಗ್ 767 ಒಂದನ್ನು ಮೂರೂ ಕಾಲಿಲ್ಲದೆ ಇಳಿಸಿದರು, ಯಾರಿಗೂ ಏನೂ ಆಗಲಿಲ್ಲ. ನನ್ನಂಥವನ ಕಣ್ಣು ಹೋಗುವುದು ಆಮೇಲಿನ ಸಂಗತಿಯ ಕಡೆಗೆ. ಹೈಡ್ರಾಲಿಕ್ ಸೋರಿತ್ತು ನಿಜ. ಆದರೆ ಕಾಲು ಇಳಿಸುವ ಬದಲಿ ವ್ಯವಸ್ಥೆ ಕೆಲಸ ಮಾಡದಿದ್ದದ್ದು ಒಂದು ಸರ್ಕ್ಯೂಟ್ ಬ್ರೇಕರ್, ಅಂದರೆ ಕರೆಂಟ್ ಕಡಿಯುವ ಗುಂಡಿ, ಹೊರಗೆ ಬಂದಿದ್ದರಿಂದ. ವಿಮಾನವನ್ನು ಎತ್ತಿದ ಮೇಲೆ ಆ ಬ್ರೇಕರ್ ಒತ್ತಿದರು, ಕಾಲುಗಳು ಇಳಿದವು!

ನೊರೆ ಹಾಸುವ ಬಗ್ಗೆ ಒಂದು ಮಾತು. ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ. ಕಿಡಿ ಕಡಿಮೆ ಆಗಬಹುದು. ಆದರೆ ಲೋಕದ ಬಹಳ ಕಡೆ ಈಗ ಅದನ್ನು ಬಿಟ್ಟಿದ್ದಾರೆ. ಮೊದಲೇ ಎಲ್ಲ ನೊರೆ ಸುರಿದರೆ ನಿಜವಾಗಿ ಬೆಂಕಿ ಹತ್ತಿದಾಗ ಕೈಯಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದು ಪ್ರಶ್ನೆ. 2021ರ ಮುಂಬೈಯಲ್ಲಿ ಹಾಸಿದರು, ಒಳ್ಳೆಯದೇ ಆಯಿತು. ನನ್ನ ಕೇಳಿದರೆ ನೊರೆಗಿಂತ ಉದ್ದನೆಯ ರನ್‌ವೇ ಮತ್ತು ಕಾದು ನಿಂತ ಫೈರ್ ಸಿಬ್ಬಂದಿ ಮುಖ್ಯ.

ಇಷ್ಟೆಲ್ಲ ಹೇಳಿ ಒಂದು ನಾಚಿಕೆಯ ವಿಷಯ ಬಿಟ್ಟರೆ ತಪ್ಪಾಗುತ್ತದೆ. ಸಣ್ಣ ವಿಮಾನಗಳು ಹೊಟ್ಟೆಯ ಮೇಲೆ ಇಳಿಯುವುದರಲ್ಲಿ ಬಹಳಷ್ಟು ಸಲ ಗೇರ್ ಕೆಟ್ಟೇ ಇರುವುದಿಲ್ಲ. ಇಳಿಸಲು ಮರೆತಿರುತ್ತಾರೆ. ಪವರ್ ಕಡಿಮೆ ಮಾಡಿದ ಕೂಡಲೇ ಹಾರ್ನ್ ಬಡಿದುಕೊಳ್ಳುತ್ತದೆ, ಆದರೂ. ತಲೆ ಬೇರೆ ಎಲ್ಲೋ ಇದ್ದರೆ ಕಿವಿ ಮುಚ್ಚಿಕೊಳ್ಳುತ್ತದೆ, ಅದು ದಡ್ಡರಿಗೆ ಮಾತ್ರ ಆಗುವಂಥದ್ದಲ್ಲ. ಇದರ ತಿರುವುಮುರುವು ಕೂಡ ಇದೆ. 2017ರ ಜುಲೈಯಲ್ಲಿ ಕೋಲ್ಕತ್ತಾದಿಂದ ಮುಂಬೈಗೆ ಹೊರಟ ಏರ್‌ಬಸ್ ಒಂದು ಚಕ್ರ ಒಳಗೆ ತೆಗೆದುಕೊಳ್ಳದೆಯೇ ಹಾರುತ್ತಾ ಬಂತು. ವೇಗ ಏಕೆ ಸಿಗುತ್ತಿಲ್ಲ, ಇಂಧನ ಏಕೆ ಇಷ್ಟು ಕುಡಿಯುತ್ತಿದೆ ಅಂತ ತಲೆ ಕೆಡಿಸಿಕೊಂಡು ನಾಗಪುರದಲ್ಲಿ ಇಳಿಸಬೇಕಾಯಿತು.

ಹಿಂದೆ ಕೂತವರಿಗೆ ಇದರಲ್ಲಿ ಕೆಲಸ ಕಡಿಮೆ. 2024ರ ಅಕ್ಟೋಬರ್ 11ರಂದು ತಿರುಚಿರಾಪಳ್ಳಿಯ ಮೇಲೆ ಹೈಡ್ರಾಲಿಕ್ ಕೈಕೊಟ್ಟ ವಿಮಾನವೊಂದು ಎರಡು ಗಂಟೆಗೂ ಜಾಸ್ತಿ ಸುತ್ತು ಹಾಕಿದಾಗ ಇಡೀ ದೇಶ ಫೋನಿನಲ್ಲಿ ಅದರ ಚುಕ್ಕೆಯನ್ನು ನೋಡುತ್ತಾ ಕೂತಿತ್ತು. ಇಂಧನ ಸುಟ್ಟು ಹಗುರ ಮಾಡಿಕೊಳ್ಳಲು ಸುತ್ತಿದ್ದು ಅದು, ಸಾಮಾನ್ಯವಾಗಿಯೇ ಇಳಿಯಿತು. ಸಣ್ಣ ವಿಮಾನದಲ್ಲಾದರೆ ಒಂದು ವಿಷಯ ಮೊದಲೇ ಕೇಳಿಟ್ಟುಕೊಳ್ಳಿ: ಬಾಗಿಲು ಹೇಗೆ ತೆರೆಯುವುದು. ಹೊಟ್ಟೆಯ ಮೇಲೆ ಜಾರಿದ ಮೈ ಸ್ವಲ್ಪ ಸೊಟ್ಟಗಾದರೂ ಬಾಗಿಲು ಕಚ್ಚಿಕೊಳ್ಳುತ್ತದೆ. ಅದಕ್ಕೇ ಕೆಲವು ಪೈಲಟ್‌ಗಳು ನೆಲ ಮುಟ್ಟುವ ಮೊದಲೇ ಅದರ ಚಿಲಕ ತೆಗೆಸಿ ಇಡುತ್ತಾರೆ.

ಆ ದಿನ ಸೆನೆಕಾದಲ್ಲಿ ಸೇಠ್ ಕೂಡ ಇದ್ದರು. ಸಮುದ್ರದ ಮೇಲೆ ಸುತ್ತುವಷ್ಟು ಹೊತ್ತೂ ಕಣ್ಣು ಮುಚ್ಚಿ ಕೂತಿದ್ದರಂತೆ. ಇಳಿದ ಮೇಲೆ ನನ್ನ ಕೈ ಕುಲುಕಿ ಏನು ಬೇಕಾದರೂ ಮಾಡಿಸಿ ಅಂದರು. ನಾನು ಮೂರೂ ಕಾಲಿನ ಸ್ವಿಚ್ ಬದಲಾಯಿಸಿ, ಕನೆಕ್ಟರ್‌ಗಳನ್ನೆಲ್ಲ ಬಿಚ್ಚಿ ತೊಳೆದು, ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಇದನ್ನೇ ಮಾಡಬೇಕು ಅಂತ ಬರೆದು ಬಿಲ್ ಕಳಿಸಿದೆ. ಅಕೌಂಟ್ಸ್‌ನಿಂದ ಫೋನ್ ಬಂತು. ಕೆಟ್ಟದ್ದು ಬಲಗಡೆಯದ್ದು ಒಂದೇ ಅಂತ ನೀವೇ ಬರೆದಿದ್ದೀರಿ, ಮೂರು ಯಾಕೆ ಬದಲಾಯಿಸಿದಿರಿ? ಮೂರೂ ಒಂದೇ ಮಳೆಯಲ್ಲಿ ನೆನೆದಿವೆ ಅಂದೆ. ಅದು ಅವರಿಗೆ ಸಾಕಾಗಲಿಲ್ಲ. ಕ್ಯಾಪ್ಟನ್‌ಗೆ ಹೇಳಿದೆ. ಅವರು ಬಿಲ್ ತರಿಸಿಕೊಂಡು ಸಹಿ ಹಾಕಿ, ಅಕೌಂಟ್ಸ್‌ನವರನ್ನು ಮುಂದಿನ ಟ್ರಿಪ್ಪಿಗೆ ಬಲಗಡೆಯ ಸೀಟಿನಲ್ಲಿ ಕೂರಲು ಕರೆದರು. ಆ ವಾರವೇ ಬಿಲ್ ಪಾಸಾಯಿತು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯ ದುಡ್ಡು ಮಾತ್ರ ಕಡಿದಿದ್ದರು.